ಒಂದು ಕೈಗಾಗುವಷ್ಟು ಬಣ್ಣ

ಹುಡುಗಿ ಮಾಡಿದ ಬಣ್ಣವನ್ನು ಮ್ಯಾನೇಜರು ಕಸದ ಡಬ್ಬಿಗೆ ಸುರಿದರು. ಡಬ್ಬಿಯ ಒಳಮೈಗೆ ಅಂಟಿಕೊಂಡು ಅದು ಇಳಿಯುತ್ತಿದೆ, ನೀರಿನ ಹಾಗಲ್ಲ, ಜೇನಿನ ಹಾಗೆ, ತನಗೆ ಯಾವ ಅವಸರವೂ ಇಲ್ಲವೆನ್ನುವ ಹಾಗೆ, ಕಂದು ಬಣ್ಣದ ಒಂದು ನಾಲಗೆ, ಕೆಳಗೆ ಮುದುರಿ ಎಸೆದ ಕಾಗದ, ಕಾಫಿ ಕುಡಿದು ಬಿಸಾಡಿದ ಲೋಟ, ಅವುಗಳ ಕಡೆಗೆ — ನನ್ನ ಕುರ್ಚಿಯಿಂದ ಎಲ್ಲ ಕಾಣುತ್ತದೆ, ಬಾಗಿಲ ಪಕ್ಕದ ಕುರ್ಚಿ, ಈ ಕೋಣೆಗೆ ಕರೆದಾಗಲೆಲ್ಲ ನನಗೆ ಇದೇ ಕುರ್ಚಿ, ಎಡಕ್ಕೆ ನೀರಿನ ಜಗ್ಗು, ಬಲಕ್ಕೆ ಕಸದ ಡಬ್ಬಿ, ನಡುವೆ ಆಯ್ಕೆ ಸಮಿತಿಯ ಗೌರವಾನ್ವಿತ ಸದಸ್ಯೆ. ಸ್ವಲ್ಪ ನೀರು ಈ ಕಡೆ ಕೊಡ್ತೀರಾ ಅಂದರು ಮ್ಯಾನೇಜರು, ಕೊಟ್ಟೆ, ಕೊಟ್ಟ ಮೇಲೆ ಅನಿಸಿತು, ಜಗ್ಗು ನನ್ನ ಪಕ್ಕ ಇದೆ ಅಂತ ಕೇಳಿದರೋ, ನಾನಿದ್ದೇನೆ ಅಂತ ಜಗ್ಗನ್ನು ಇಲ್ಲಿಟ್ಟಿದ್ದಾರೋ, ಎಲ್ಲದರಲ್ಲೂ ಹುಳುಕು ಹುಡುಕ್ತೀಯ ಅನ್ನುತ್ತಾರೆ ಮನೆಯಲ್ಲಿ, ಇರಬಹುದು, ಹುಳುಕು ಹುಡುಕುವುದೇ ತಾನೆ ನನ್ನ ಕೆಲಸ, ಕೈ ಕಳೆದುಕೊಂಡವರಿಗೆ ಕೈ ಮಾಡಿಕೊಡುವ ಕಂಪನಿ ನಮ್ಮದು, ಬೆರಳು, ಅಂಗೈ, ಮೊಣಕೈವರೆಗಿನ ತೋಳು, ಉಗುರು ಸಮೇತ, ಅಚ್ಚಿನ ಮನೆಯಲ್ಲಿ ಆಕಾರ, ಬಣ್ಣದ ಕೋಣೆಯಲ್ಲಿ ನಾವು, ರಬ್ಬರಿನಂಥ ಸಿಲಿಕೋನಿಗೆ ರಂಗು ಕಲಸಿ, ಬಂದವರ ಮೈಬಣ್ಣಕ್ಕೆ ಹಿಡಿದು, ಹೊಂದಿತೇ, ಹೊಂದಲಿಲ್ಲವೇ, ಕಿಟಕಿಯ ಹತ್ತಿರ ಬನ್ನಿ, ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ. ಆ ಕೋಣೆಗೆ ಇನ್ನೊಬ್ಬರು ಬೇಕಾಗಿದ್ದಾರೆ. ಪರೀಕ್ಷೆ ಮೊದಲಿನಿಂದಲೂ ಒಂದೇ, ಒಂದು ಕೈಗಾಗುವಷ್ಟು ಬಣ್ಣ ಮಾಡಿ ತೋರಿಸಿ. ಮಾದರಿ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ, ಬಂದವರೆಲ್ಲ ಮೇಲಿನ ಕಪಾಟಿನ ಬಣ್ಣವನ್ನೇ ಮಾಡುತ್ತಾರೆ, ಬಿಳಿಗೆ ಚೂರು ಗುಲಾಬಿ, ಗುಲಾಬಿಗೆ ಚೂರು ಹಳದಿ, ಆ ಕಪಾಟಿನ ಮೇಲೆ ‘ಸಾಮಾನ್ಯ’ ಎಂದು ಬರೆದಿದೆ, ಜಗತ್ತಿನ ಉಳಿದ ಎಲ್ಲ ಮೈಗಳಿಗೂ ಸೇರಿಸಿ ಕೆಳಗೊಂದು ಕಪಾಟು, ಅದರ ಮೇಲೆ ‘ವಿಶೇಷ’, ಅದರಿಂದ ಏನಾದರೂ ತೆಗೆಯಬೇಕೆಂದರೆ ಬಗ್ಗಬೇಕು, ನನ್ನ ಸೊಂಟ ಹೋಗಿದ್ದು ಆ ವಿಶೇಷದಿಂದಲೇ. ಹುಡುಗಿ ಬಗ್ಗಲೂ ಇಲ್ಲ, ಮೇಲೆ ನೋಡಲೂ ಇಲ್ಲ. ತೋಳು ಮಡಚಿದಳು, ತನ್ನ ಮಣಿಕಟ್ಟನ್ನು ನೋಡಿಕೊಂಡಳು, ಕಲಸಿದಳು, ಒಂದು ಹನಿ ಮಣಿಕಟ್ಟಿನ ಮೇಲೆ ಹಚ್ಚಿಕೊಂಡಳು, ಹನಿ ಎಲ್ಲಿ ಹೋಯಿತೋ, ಹಚ್ಚಿದ ಜಾಗ ಹುಡುಕಿದರೂ ಸಿಗಲಿಲ್ಲ ನನಗೆ, ಅಷ್ಟು ಹೊಂದಿತ್ತು. ಆಯ್ತು ಸರ್, ಅಂದಳು. ಮ್ಯಾನೇಜರು ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು, ನಕ್ಕರು, ಕೆಟ್ಟ ನಗುವಲ್ಲ, ಮಗು ಚಪ್ಪಲಿಯನ್ನು ಅದಲು ಬದಲು ಹಾಕಿಕೊಂಡಾಗ ನಗುತ್ತಾರಲ್ಲ, ಆ ನಗು. ಹೊರಗೆ ಕೂತಿರಮ್ಮ, ಹೇಳಿ ಕಳಿಸ್ತೀವಿ. ಬಾಗಿಲು ಮುಚ್ಚಿತು, ಬಟ್ಟಲು ಬೇಕು ತೊಳೆಯೋಕೆ ಅಂತ ಯಾರೂ ಕೇಳಿರಲಿಲ್ಲ, ಅವರೇ ಎದ್ದು ಬಂದು ಡಬ್ಬಿಯ ಮೇಲೆ ಬಗ್ಗಿಸಿದರು, ಅದು ಇಳಿಯುತ್ತಿದೆ.

ತಪ್ಪು ಯಾರದು, ಅದೇ ತಿಳಿಯುತ್ತಿಲ್ಲ, ಅವರ ಮಾತನ್ನು ಕೇಳಿದರೆ ಅವರೂ ಸರಿಯೇ, ಏನು ಕೇಳಿದ್ವೋ ಅದು ಮಾಡ್ಲಿಲ್ಲ ಅವಳು, ಕೇಳಿದ್ದು ಅರ್ಥ ಆಗ್ಬೇಕು, ಅದೂ ಯೋಗ್ಯತೆನೇ ಅಲ್ವಾ, ಎನ್ನುತ್ತಿದ್ದಾರೆ ಮ್ಯಾನೇಜರು, ವೈವಿಧ್ಯ ವಿಭಾಗದ ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ, ಆದರೆ ಸರ್, ಹೋದ ಸಲವೂ ನಾವು ಇವರ ಪೈಕಿ ಯಾರನ್ನೂ ತಗೊಳ್ಳಲಿಲ್ಲ, ಮೇಲಿನವರು ಕೇಳ್ತಾರೆ, ಅಂದರು, ಮೇಡಂ ಕೆಟ್ಟವರಲ್ಲ, ಪ್ರತಿ ಸಂದರ್ಶನದಲ್ಲೂ ನಮ್ಮವರೊಬ್ಬರು ಕೂರಬೇಕು ಅಂತ ಹಟ ಹಿಡಿದು ಈ ಕುರ್ಚಿ ಹಾಕಿಸಿದವರೇ ಅವರು, ಹಟ ಹಿಡಿದಾಗ ಅತ್ತರಂತೆ ಕೂಡ, ಅವರ ಕಣ್ಣೀರಿಗೆ ನಾನು ಏನು ಕೊಡಬೇಕು, ಗೊತ್ತಾಗುವುದಿಲ್ಲ. ನೋಡಿ ಮೇಡಂ, ನಾನು ಬಣ್ಣ ನೋಡಿ ಕೆಲಸ ಕೊಡೋನಲ್ಲ, ನನಗೆ ಮನುಷ್ಯರ ಬಣ್ಣ ಕಾಣೋದೇ ಇಲ್ಲ. ಬಣ್ಣ ಹೊಂದಿಸುವ ಕಂಪನಿಯ ಮ್ಯಾನೇಜರಿಗೆ ಬಣ್ಣ ಕಾಣುವುದಿಲ್ಲವಂತೆ, ನಗು ಬಂತು, ಕೆಮ್ಮಿ ಮುಚ್ಚಿಕೊಂಡೆ, ನೀರು ಕುಡೀರಿ ಅಂದರು ಮೇಡಂ, ಕಳಕಳಿಯಿಂದಲೇ. ಹೊರಗಿನ ಗೋಡೆಯ ಮೇಲೆ ದೊಡ್ಡ ಭಿತ್ತಿಚಿತ್ರ, ಒಂದರ ಮೇಲೊಂದು ಇಟ್ಟ ಕೈಗಳು, ಎಲ್ಲ ಬಣ್ಣಗಳಿಗೂ ಒಂದೇ ಮನೆ ಅಂತ ಬರಹ, ಎಲ್ಲಕ್ಕಿಂತ ಕೆಳಗಿನದು ನನ್ನ ಕೈ, ನಿಮ್ಮದು ಗಾಢ ಇದೆ, ಅಡೀಲಿದ್ರೆ ಒಳ್ಳೆ ಎಫೆಕ್ಟು ಬರುತ್ತೆ ಅಂದಿದ್ದ ಫೋಟೋದವನು, ಭಾರ ಮೇಲಿನವರದೆಲ್ಲ ನನ್ನ ಮೇಲೆ ಬೀಳುತ್ತಿತ್ತು, ಬೆರಳು ಜೋಮು ಹಿಡಿಯಿತು, ನಗ್ತಾ ಇರಿ ಅಂದ, ಕೈಯನ್ನು ಮಾತ್ರ ತೆಗೀತಾ ಇರೋದು ಮುಖ ಯಾಕಪ್ಪ ನಗ್ಬೇಕು ಅಂದೆ. ಮಗಳು ಆ ಚಿತ್ರ ನೋಡಿ, ಅಮ್ಮಾ, ನೀನಲ್ಲಿ ಹೂದಾನಿ ಇದ್ದ ಹಾಗೆ, ಮೂಲೇಲಿ ಒಂದಿರ್ಲಿ ಅಂತ ಇಟ್ಟಿದ್ದಾರೆ, ಅಂದಳು. ಹೂದಾನಿಗಾದ್ರೂ ನೀರು ಹಾಕ್ತಾರೆ ಕಣೆ, ಅಲ್ಲಿ ಎಲ್ರಿಗೂ ನೀರು ಕೊಡೋಳು ನಾನು, ಅಂದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ನಗುತ್ತ ನಗುತ್ತ ಅವಳು ನಗು ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳಪ್ಪ ಬಸ್ಸು ಓಡಿಸಿ ಬಂದು ಕಾಲು ಚಾಚಿಕೊಂಡು ಕೂತವನು, ಕುರ್ಚಿ ಕೊಟ್ಟಿದ್ದಾರಲ್ವಾ, ಕೂತ್ಕೋ, ನಿಮ್ಮಮ್ಮನಿಗೆ ಅದೂ ಇರಲಿಲ್ಲ, ಅಂದ ನನಗೆ. ಅದೂ ಸರಿ. ಇದೂ ಸರಿ. ಮೊನ್ನೆ ಸಭಾಂಗಣದಲ್ಲಿ ಸಮಾನ ಅವಕಾಶದ ಸಂವಾದ ಅಂತ ಮಾಡಿದಾಗ ಅಚ್ಚಿನ ಮನೆಯವನು ಎದ್ದು ನಿಂತ, ಮೇಲಿನ ಕಪಾಟಿನ ಬಣ್ಣದವನೇ, ದಿನಾ ನನ್ನ ಜೊತೆ ಊಟದ ಡಬ್ಬಿ ಬಿಚ್ಚುವವನು, ನನ್ನ ಮಗಳೂ ಕೆಲಸ ಇಲ್ದೆ ಮನೇಲಿ ಕೂತಿದ್ದಾಳೆ, ಅವಳೇನು ಯಾರದೋ ಕೈ ಕಿತ್ಕೊಂಡಿದ್ದಾಳಾ, ಅವಳಿಗ್ಯಾಕೆ ಈ ಶಿಕ್ಷೆ, ಅಂದ, ಮೇಡಂ ಏನೋ ಉತ್ತರ ಕೊಟ್ಟರು, ಪರದೆಯ ಮೇಲೆ ಬಾಣಗಳಿದ್ದವು, ವೃತ್ತಗಳಿದ್ದವು, ಅವನ ಮಗಳು ಯಾವ ವೃತ್ತದಲ್ಲಿದ್ದಾಳೆ ತಿಳಿಯಲಿಲ್ಲ, ನಾನು ಎದ್ದು ಏನಾದರೂ ಹೇಳಬೇಕಿತ್ತು, ಏನು, ನಿನ್ನ ಮಗಳ ಜಾಗವನ್ನು ನಾನು ಕಿತ್ತುಕೊಂಡಿಲ್ಲ ಅಂತಲೇ, ಹಾಗಾದರೆ ನನ್ನ ಜಾಗ, ಇದು ನನ್ನ ಕೈಯ ಕೆಲಸಕ್ಕೆ ಸಿಕ್ಕಿದ್ದೋ ನನ್ನ ಚರ್ಮಕ್ಕೆ ಸಿಕ್ಕಿದ್ದೋ, ಕಿಟಕಿಯ ಹತ್ತಿರ ಹಿಡಿದು ನೋಡಿದರೆ ಗೊತ್ತಾಗುವ ವಿಷಯವೇ ಅದು — ಗುಳ್ಳೆ ಇದೆ ಅಂದ್ರಲ್ಲ ನೀವು, ಮ್ಯಾನೇಜರು ನನ್ನನ್ನೇ ಕೇಳುತ್ತಿದ್ದಾರೆ, ಹೌದು, ಅಂದಿದ್ದೆ, ಹುಡುಗಿ ಬಟ್ಟಲು ಇಟ್ಟಾಗ ಅಭ್ಯಾಸಬಲದಿಂದ ಬಾಯಿಗೆ ಬಂದಿತ್ತು, ಜೋರಾಗಿ ಕಲಕಿದ್ದಾಳೆ, ಗುಳ್ಳೆ ಬಂದಿದೆ, ಕಲಿಸಿಕೊಟ್ರೆ ಹೋಗುತ್ತೆ, ಬಣ್ಣ ಮಾತ್ರ ಇಂಥದ್ದು ನಾನು ನೋಡಿಲ್ಲ ಸರ್, ಇಷ್ಟೂ ಹೇಳಿದ್ದೆ, ಅವರ ಕೈಗೆ ಸಿಕ್ಕಿದ್ದು ಗುಳ್ಳೆ ಮಾತ್ರ. ಎಲ್ಲರ ಬಟ್ಟಲಲ್ಲೂ ಗುಳ್ಳೆ ಇತ್ತು ಸರ್ ಅಂದೆ ಈಗ. ಇರಬಹುದು, ಆದರೆ ಇವಳದ್ದರ ಬಗ್ಗೆ ನೀವೇ ಹೇಳಿದ್ರಲ್ಲ, ನಿಮ್ಮ ಮಾತಿಗೆ ನಾವು ಬೆಲೆ ಕೊಡ್ಬೇಕಲ್ವಾ, ಅದಕ್ಕೇ ತಾನೆ ನೀವಿಲ್ಲಿರೋದು. ಇದುವರೆಗೆ ಈ ಕುರ್ಚಿಯಲ್ಲಿ ಆಡಿದ ಎಲ್ಲ ಮಾತಿನಲ್ಲಿ ಬೆಲೆ ಸಿಕ್ಕಿದ್ದು ಈ ಅರ್ಧ ಮಾತಿಗೆ. ಅದು ಇಳಿಯುತ್ತಿದೆ, ಈಗ ಕಾಗದದ ಹತ್ತಿರ ಬಂದಿದೆ, ನಾಲಗೆಯ ತುದಿ ದಪ್ಪವಾಗುತ್ತಿದೆ.

ನಾನು ಯಾವ ಬಣ್ಣ ಮಾಡಿದ್ದೆ, ನನ್ನ ಪರೀಕ್ಷೆಯ ದಿನ. ಬಿಳಿಗೆ ಚೂರು ಗುಲಾಬಿ, ಗುಲಾಬಿಗೆ ಚೂರು ಹಳದಿ. ಯಾರೂ ಹೇಳಿರಲಿಲ್ಲ, ಮಾದರಿ ಇರಲಿಲ್ಲ, ನನ್ನದೇ ಎರಡು ಕೈ ಕಣ್ಣೆದುರಿಗೇ ಆಡುತ್ತಿದ್ದವು, ಆದರೂ ಕೈ ಅಂದರೆ ಅದೇ ಬಣ್ಣ ಅಂತ ನನಗೆ ಯಾರು ಹೇಳಿಕೊಟ್ಟಿದ್ದರು — ಅಮ್ಮನ ಕೈ. ಲಾಂಡ್ರಿಯ ಇಸ್ತ್ರಿ ಯಂತ್ರ ನುಂಗಿದ ಕೈಯ ಬದಲಿಗೆ ಆಸ್ಪತ್ರೆಯವರು ಕೊಟ್ಟ ಕೈ, ಅಮ್ಮನ ಕಪ್ಪು ತೋಳಿನ ತುದಿಯಲ್ಲಿ ಬೆಳ್ಳಗಿನ ಅಂಗೈ, ನಿಮ್ಮ ಬಣ್ಣದ್ದು ಬೇಕಂದ್ರೆ ಕಾಯ್ಬೇಕಮ್ಮ ಅಂದಿದ್ದರಂತೆ, ಕಾಯೋಕೆ ಮನೇಲಿ ಪಾತ್ರೆ ಬಿಡಬೇಕಲ್ಲ, ಅದನ್ನೇ ಹಾಕಿಕೊಂಡು ಬಂದಳು, ಹೊರಗೆ ಹೋಗುವಾಗ ಶಾಲಿನೊಳಗೆ ಅಡಗಿಸುತ್ತಿದ್ದಳು, ಮನೆಯೊಳಗೆ ನಮ್ಮನ್ನು ನಗಿಸುತ್ತಿದ್ದಳು, ಏಯ್ ಇದು ಸಾಹುಕಾರರ ಮನೆ ಕೈ, ಪಾತ್ರೆಗೀತ್ರೆ ತಿಕ್ಕಲ್ಲ ಇದು, ಬರೀ ಅಪ್ಪಣೆ ಕೊಡುತ್ತೆ ಅಂತ ಅದನ್ನು ಎತ್ತಿ ಗೋಡೆಯ ಕಡೆ ತೋರಿಸುತ್ತಿದ್ದಳು, ಓದಿಕೋ ಹೋಗು, ರಾತ್ರಿ ಬಿಚ್ಚಿ ಕಪಾಟಿನ ಮೇಲಿಡುತ್ತಿದ್ದಳು, ಮೇಲಿನ ಕಪಾಟು, ನಾನು ಅದನ್ನು ನೋಡುತ್ತ ಮಲಗುತ್ತಿದ್ದೆ, ನಮ್ಮ ಮನೆಯಲ್ಲಿ ಕೆಲಸ ಮಾಡದ ಕೈ ಅದೊಂದೇ. ಹುಡುಗಿಯ ಅಮ್ಮನಿಗೆ ಎರಡೂ ಕೈ ಇರಬೇಕು. ಅಥವಾ ಈ ಹುಡುಗಿ ಕೈ ಅಂದರೆ ಮೊದಲು ತನ್ನನ್ನು ನೋಡಿಕೊಳ್ಳುವ ಹಾಗೆ ಯಾರೋ ಬೆಳೆಸಿದ್ದಾರೆ, ನಾನು ನನ್ನ ಮಗಳನ್ನು ಹಾಗೆ ಬೆಳೆಸಿದ್ದೇನೆಯೇ, ಅವಳಿಗೂ ಒಂದು ಬಟ್ಟಲು ಕೊಟ್ಟು ನೋಡಬೇಕು, ಭಯವಾಗುತ್ತದೆ. ಬೆಳಗ್ಗೆ ಹೊರಗಿನ ಬೆಂಚಿನಲ್ಲಿ ಕೂತಿದ್ದ ಈ ಹುಡುಗಿ ನನ್ನನ್ನು ಕಂಡು ಥಟ್ಟನೆ ಎದ್ದಿದ್ದಳು, ಭಿತ್ತಿಚಿತ್ರದ ಕೆಳಗೆ, ಅಕ್ಕಾ, ನೀವೂ ಒಳಗಿರ್ತೀರಾ. ಇರ್ತೀನಮ್ಮ. ಅಯ್ಯೋ ಸದ್ಯ, ಈಗ ಜೀವ ಬಂತು ಅಕ್ಕ. ನಾನಿದ್ದರೆ ಏನಾಗುತ್ತದೆ ಅಂದುಕೊಂಡಳು ಅವಳು, ಅಕ್ಕ ಅನ್ನಬೇಡ ಅನ್ನಬೇಕಿತ್ತು, ಅಂದಿದ್ದು ಮಾತ್ರ, ನೀರು ಕುಡಿದ್ಯಾ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ಹಾಕಿದರೆ ತೀರ್ಮಾನವಾಯಿತು ಅಂತ ಅರ್ಥ, ನನ್ನ ಕಡೆ ತಿರುಗಿದರು, ಕಣ್ಣು ಮೃದುವಾಗಿದೆ, ಅದೇ ನನಗೆ ಹೆದರಿಕೆ, ಹೊರಗೆ ಹೋಗಿ ನೀವೇ ಹೇಳಿಬಿಡಿ ಅವಳಿಗೆ, ನಮ್ಮ ಬಾಯಿಂದ ಬಂದ್ರೆ ಬೇರೆ ಥರ ಕೇಳ್ಸುತ್ತೆ, ನಿಮ್ಮ ಬಾಯಿಂದ ಆದ್ರೆ ಅವಳಿಗೂ ನೋವಾಗಲ್ಲ, ಗುಳ್ಳೆ ಇತ್ತು, ಇನ್ನೂ ಸ್ವಲ್ಪ ಕಲ್ತು ಬಾ ಅನ್ನಿ. ಮ್ಯಾನೇಜರು ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಬಣ್ಣದ ಕೋಣೆಗೆ ಮೇಲ್ವಿಚಾರಕಿ ಬೇಕು ಅನ್ನೋ ಮಾತು ನಡೀತಿದೆ, ನಿಮ್ಮ ಹೆಸರು ನನ್ನ ತಲೇಲಿದೆ, ಇಂಥದ್ದನ್ನೆಲ್ಲ ನಯವಾಗಿ ನಿಭಾಯಿಸೋದು ಬರ್ಬೇಕಲ್ವಾ ಆ ಜಾಗಕ್ಕೆ. ಮೇಲ್ವಿಚಾರಕಿ. ಆ ಜಾಗಕ್ಕೆ ಹೋದರೆ ಕಪಾಟನ್ನು ಅದಲು ಬದಲು ಮಾಡಬಹುದು, ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಪರೀಕ್ಷೆಗೆ ಮಾದರಿ ಕೊಡಿ ಅನ್ನಬಹುದು, ನಾಲ್ವರು ಹುಡುಗಿಯರನ್ನು ತರಬಹುದು, ಒಬ್ಬಳಿಗೆ ಇಲ್ಲ ಅಂದರೆ ನಾಲ್ವರಿಗೆ ಹೌದು, ಲೆಕ್ಕ ಸರಿಯಾಗಿಯೇ ಇದೆ, ಗಂಡ ಇದ್ದಿದ್ದರೆ ಏಳು ಹೋಗು ಅನ್ನುತ್ತಿದ್ದ, ಮಗಳು, ಮಗಳು ನಗು ನಿಲ್ಲಿಸಿ ನೋಡುತ್ತಿದ್ದಳು, ಹಾಗಾದರೆ ಏಳುವುದೇ ಸರಿಯೋ, ಎದ್ದು ಬಾಗಿಲು ತೆರೆದರೆ ಅವಳು ಥಟ್ಟನೆ ನಿಲ್ಲುತ್ತಾಳೆ, ಅಕ್ಕಾ ಅನ್ನುತ್ತಾಳೆ, ಮಣಿಕಟ್ಟಿನ ಮೇಲೆ ಆ ಹನಿ ಇನ್ನೂ ಇರುತ್ತದೆ, ಈಗ ಒಣಗಿ ಅವಳ ಚರ್ಮವೇ ಆಗಿಹೋಗಿರುತ್ತದೆ, ನಾನು ಅದನ್ನು ನೋಡುತ್ತ ಗುಳ್ಳೆ ಅನ್ನಬೇಕು, ಬೆಳ್ಳಗಿನ ಕೈ ಎತ್ತಿ ಗೋಡೆಯ ಕಡೆ ತೋರಿಸಬೇಕು, ಕಲ್ತು ಬಾ ಹೋಗು, ಏನು ಕಲಿತು ಬರಬೇಕು ಅವಳು, ಬಿಳಿಗೆ ಚೂರು ಗುಲಾಬಿ, ಗೊತ್ತಾಗುತ್ತಿಲ್ಲ, ನನಗೆ ಏನೂ ಗೊತ್ತಾಗುತ್ತಿಲ್ಲ, ಅಚ್ಚಿನ ಮನೆಯವನ ಮಗಳಿಗೆ ಏನು ಹೇಳಬೇಕೆಂದೂ ಗೊತ್ತಿಲ್ಲ, ಈ ಮೇಡಂ ಒಳ್ಳೆಯವರೋ ಅಲ್ಲವೋ ಗೊತ್ತಿಲ್ಲ, ಈ ಕುರ್ಚಿ ನನ್ನದೋ ಅಲ್ಲವೋ ಗೊತ್ತಿಲ್ಲ, ಗೊತ್ತಿರುವುದು ಒಂದೇ, ಆ ಬಣ್ಣ ಹೊಂದಿತ್ತು. ಏನಮ್ಮ, ಹೋಗ್ತೀರಲ್ಲ, ಅಂದರು ಮೇಡಂ. ಹೋಗಲ್ಲ. ಏನಂದ್ರಿ. ನಾನು ಹೇಳಲ್ಲ ಅಂದೆ, ಹೇಳೋದಿದ್ರೆ ಅವಳನ್ನ ಒಳಗೆ ಕರೀರಿ, ಈ ಡಬ್ಬಿ ತೋರ್ಸಿ ನೀವೇ ಹೇಳಿ. ಕೋಟಿನ ಗುಂಡಿಯ ಮೇಲೆ ಮ್ಯಾನೇಜರ ಬೆರಳು ನಿಂತಿತು, ಯೋಚ್ನೆ ಮಾಡಿ ಮಾತಾಡಿ ಅಂದರು, ಯೋಚನೆ ಎಲ್ಲಿತ್ತೋ ಅಲ್ಲೇ ನಿಂತಿದೆ, ಎದ್ದು ನಿಲ್ಲಲೂ ಇಲ್ಲ ನಾನು, ಕೂತೇ ಇದ್ದೇನೆ, ಜಗ್ಗು ಆ ಕಡೆ, ಡಬ್ಬಿ ಈ ಕಡೆ, ಮತ್ತು ಡಬ್ಬಿಯೊಳಗೆ ಅದು ಇನ್ನು ಇಳಿಯುತ್ತಿಲ್ಲ, ಕಾಗದವನ್ನು ಮುಟ್ಟುವ ಮೊದಲೇ ನಿಂತುಬಿಟ್ಟಿದೆ, ಗಟ್ಟಿಯಾಗಿ, ಹೊಳೆಯುತ್ತ, ಒಂದು ಕೈಗಾಗುವಷ್ಟು ಬಣ್ಣ, ಗೋಡೆಗೆ ಅಂಟಿದ ಕಂದು ನಾಲಗೆ