ಬಿಲ್ಲಿಗೆ ಉಳಿದದ್ದು

ಮಂಚದಡಿಯಿಂದ ಸೂಟ್‌ಕೇಸ್ ಎಳೆದ ಧರ್ಮಪಾಲ ಅದರ ಬೀಗಕ್ಕೆ ಮುಷ್ಟಿಯಿಂದ ಗುದ್ದಿದ. ಬೀಗ ಜಗ್ಗಲಿಲ್ಲ.

"ಸುತ್ತಿಗೆ ತರ್ಲಾ ಬಾಯಿ?"

"ಬೇಡ ಧರ್ಮಣ್ಣ. ಒಡೆದ್ರೆ ಅವರು ಬೈತಾರೆ," ಎಂದಳು ಅಗಾತಾ. ಬಾಯಿಂದ ಬಂದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ಮಂಚದ ತುದಿಯಲ್ಲಿ ಕುಸಿದು ಕುಳಿತಳು.

ಬೈಯಬೇಕಾದ ಆನ್ಸೆಲ್ಮ್ ಸೋನಾಪುರದ ಶವಾಗಾರದಲ್ಲಿದ್ದ. ಶನಿವಾರ ಬೆಳಿಗ್ಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಿಲ್ಲುಬಾಣದ ಕಾರ್ಖಾನೆಯಲ್ಲಿ, ಬಾಣ ತೂಗುವ ತಕ್ಕಡಿಯ ಎದುರು ಸ್ಟೂಲಿನ ಮೇಲೆ ಕುಳಿತವನು ಕುಳಿತಲ್ಲೇ ವಾಲಿದ್ದ. ಇವತ್ತು ಸೋಮವಾರ. ಸಂಜೆಯ ವಿಮಾನಕ್ಕೆ ಪೆಟ್ಟಿಗೆ ಹೋಗಬೇಕು. ಮಣ್ಣು ಮಾಡುವುದು ನಾಳೆ ಊರಿನಲ್ಲಿ, ಕಿನ್ನಿಗೋಳಿಯಲ್ಲಾದರೂ ಇಲ್ಲಿಯ ಗೆಳೆಯರ ಪಾಲಿಗೆ ಕೊನೆಯ ಪ್ರಾರ್ಥನೆ, ಕೊನೆಯ ನೋಟ ಎಲ್ಲ ಇವತ್ತೇ. ಅದಕ್ಕೆ ಮೊದಲು ಅವನಿಗೆ ಮದುವೆಯ ಸೂಟು ತೊಡಿಸಿ ಕೈಗೆ ಅವನದೇ ಜಪಮಾಲೆ ಕೊಡಬೇಕೆಂದು ಅಗಾತಾ ಅಬುಧಾಬಿಯಿಂದ ಈ ಕಂಪನಿ ರೂಮಿಗೆ ಓಡಿ ಬಂದಿದ್ದಳು. ಆ ಸೂಟಿನ ಗುಂಡಿ ಹತ್ತು ವರ್ಷದಿಂದ ಅವನ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಇನ್ನು ಉಸಿರು ಬಿಗಿಹಿಡಿಯುವ ಕಷ್ಟ ಅವನಿಗಿಲ್ಲ.

ಅವಳು ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಮಗಳು ಆನ್ ಮರಿಯಾಳ ಜೊತೆ ಎಲೆಕ್ಟ್ರಾ ಸ್ಟ್ರೀಟಿನ ಶೇರಿಂಗ್ ಫ್ಲಾಟಿನಲ್ಲಿ ವಾಸ. ಗಂಡ ಇಲ್ಲಿ, ಹೆಂಡತಿ ಅಲ್ಲಿ. ಭಾನುವಾರದ ಬಸ್ಸಿನ ಮೇಲೆ ನಿಂತ ಸಂಸಾರ ಅದು.

"ಕೀ ಆ ಡಬ್ಬದಲ್ಲಿ ಇರ್ಬಹುದು," ಎಂದು ಧರ್ಮಪಾಲ ಕಿಟಕಿ ತೋರಿಸಿದ. ಅವನು ಬೆಳ್ತಂಗಡಿಯವ, ಬಿಲ್ಲು ಕೆತ್ತುವವ, ಆನ್ಸೆಲ್ಮನ ಜೊತೆ ಇದೇ ರೂಮಿನಲ್ಲಿದ್ದವ. ಊರ ರೂಢಿಯಂತೆ ಆನ್ಸೆಲ್ಮನನ್ನು ಪೊರ್ಬುಗಳು ಎಂದೂ ಅಗಾತಾಳನ್ನು ಬಾಯಿ ಎಂದೂ ಕರೆಯುವವ.

ಬಿಸ್ಕೀಟಿನ ಹಳೆಯ ಡಬ್ಬ. ಒಳಗೆ ಬಾಣದ ಹಿತ್ತಾಳೆ ಮೊನೆಗಳು, ಹಗುರದ್ದು, ಭಾರದ್ದು. ಅವುಗಳ ನಡುವೆ ಕೀ ಇತ್ತು, ಜಪಮಾಲೆಯೂ ಇತ್ತು. ಜಪಮಾಲೆ ಎತ್ತಿದಾಗ ಅದಕ್ಕೆ ಸಿಕ್ಕಿಕೊಂಡು ಮಾತ್ರೆಯ ಹಾಳೆಯೊಂದು ಮೇಲೆ ಬಂತು. ಮುಕ್ಕಾಲು ಖಾಲಿಯಾಗಿತ್ತು.

"ಇದು ಯಾರದ್ದು?"

ಧರ್ಮಪಾಲ ಡಬ್ಬದ ಮುಚ್ಚಳ ಹುಡುಕತೊಡಗಿದ.

"ನಾನು ನರ್ಸು ಧರ್ಮಣ್ಣ. ನಾಲಿಗೆಯಡಿಗೆ ಇಡುವ ಮಾತ್ರೆ ಎಂತದಕ್ಕೆ ಅಂತ ನನಗೆ ಗೊತ್ತುಂಟು. ಯಾರದ್ದು ಅಂತ ಹೇಳಿ."

ಅವನು ಗೋಡೆಗೊರಗಿ ನೆಲದಲ್ಲೇ ಕುಳಿತ. "ಕ್ರಿಸ್‌ಮಸ್ಸಿಗೆ ಮೊದ್ಲೇ ಡಾಕ್ಟರು ಹೇಳಿದ್ರು ಬಾಯಿ, ಹಾರ್ಟಿನ ಆಪರೇಶನ್ ಕೂಡ್ಲೇ ಆಗ್ಬೇಕು ಅಂತ. ಪೊರ್ಬುಗಳು ಕೇಳ್ಳಿಲ್ಲ. ಮಗಳ ಪರೀಕ್ಷೆ ಮುಗೀಲಿ, ಆಮೇಲೆ ನಾನೇ ಹೇಳ್ತೇನೆ ಅಂದ್ರು. ನನ್ನ ಹತ್ರ ಆಣೆ ಹಾಕಿಸಿದ್ರು."

ಪರೀಕ್ಷೆ ಮುಗಿದದ್ದು ಶುಕ್ರವಾರ. ಆ ರಾತ್ರಿ ಅವನು ಫೋನಿನಲ್ಲಿ, "ಭಾನುವಾರ ಬರ್ತೇನೆ, ಒಂದು ಮಾತು ಉಂಟು," ಎಂದಿದ್ದ. ಹೊಸ ವಾಷಿಂಗ್ ಮೆಷಿನಿನ ಮಾತಿರಬೇಕೆಂದು ಅಗಾತಾ ನಕ್ಕು ಫೋನಿಟ್ಟಿದ್ದಳು.

"ನನಗೆ ಯಾಕೆ ಹೇಳ್ಬಾರ್ದಂತೆ?"

"ಅವಳು ಈಗ್ಲೇ ಡಬಲ್ ಡ್ಯೂಟಿ ಮಾಡ್ತಾಳೆ, ಅವಳ ಮೇಲೆ ಇನ್ನು ಭಾರ ಹಾಕೋದು ಬೇಡ ಅಂದ್ರು."

"ಭಾರ ಬೇಡ ಅಂದ್ರಾ? ಅವರಾ?"

ಅಗಾತಾ ನಕ್ಕಳು. ನಗು ಅರ್ಧಕ್ಕೇ ಮುರಿದು ಅಳುವಾಯಿತು.

*

ಎರಡು ವರ್ಷದ ಹಿಂದೆ, ಅವಳು ಕಾರ್ಖಾನೆಗೆ ಬಂದಿದ್ದ ಒಂದು ಭಾನುವಾರ, ದೇರಾದ ಮಸಾಲೆ ವ್ಯಾಪಾರಿ ರಮೀಝ್ ಹೊಸ ಮರದ ಬಿಲ್ಲು ಹಿಡಿದು ಬಂದಿದ್ದ. ಗೆಳೆಯರೊಂದಿಗೆ ಆಫ್ರಿಕಕ್ಕೆ ಜಿಂಕೆ ಬೇಟೆಗೆ ಹೊರಟಿದ್ದ.

"ಇಲ್ಲಂತೂ ಬೇಟೆ ಮಾಫಿ, ಬಿಡೋದೇ ಇಲ್ಲ. ಯಲ್ಲಾ ಆನ್ಸೆಲ್ಮಣ್ಣ, ಹಗುರದ ಬಾಣ ಕೊಡಿ. ಸೊಯ್ ಅಂತ ಹೋಗ್ಬೇಕು."

"ಹೋಗ್ತದೆ. ಹೋಗಿ ಜಿಂಕೆಯ ಚರ್ಮದಲ್ಲಿ ನಿಲ್ತದೆ. ಅದು ಓಡಿಹೋಗಿ ಯಾವುದೋ ಪೊದೆಯಲ್ಲಿ ನರಳಿ ನರಳಿ ಸಾಯ್ತದೆ. ಭಾರದ್ದು ನಿಧಾನ ಹೋಗೋದು, ಆದ್ರೆ ಒಳಗೆ ಹೋಗ್ತದೆ. ನೀವು ಸ್ವಲ್ಪ ಹತ್ತಿರ ಹೋಗಿ ನಿಲ್ಬೇಕು, ಅಷ್ಟೇ."

ಆನ್ಸೆಲ್ಮ್ ಒಂದು ಇರುವೆಯನ್ನೂ ಬೇಟೆಯಾಡಿದವನಲ್ಲ. ಹಂದಿಯೊಂದಿಗಿನ ಅವನ ವ್ಯವಹಾರವೆಲ್ಲ ತಟ್ಟೆಯಲ್ಲೇ. ಆದರೆ ಬಾಣದ ತೂಕದ ಮಾತು ಬಂದರೆ ಪಾದ್ರಿಗಳ ಹಾಗೆ ಉಪದೇಶಕ್ಕೆ ನಿಲ್ಲುತ್ತಿದ್ದ. ಗೋಡೆಗೆ ತೂಗುಹಾಕಿದ್ದ ಸೀಳಿದ ಬಿಲ್ಲೊಂದನ್ನು ತೆಗೆದು ರಮೀಝನ ಕೈಗಿಟ್ಟ.

"ಬಿಲ್ಲು ಕೊಟ್ಟ ಬಲವನ್ನು ಬಾಣ ಹೊತ್ಕೊಂಡು ಹೋಗ್ಬೇಕು. ಬಾಣ ತೀರಾ ಹಗುರಾದ್ರೆ ಹೊತ್ಕೊಳ್ಳೋದಿಲ್ಲ. ಉಳಿದ ಪೆಟ್ಟೆಲ್ಲ ಬಿಲ್ಲಿಗೇ. ಹೊರಗಿಂದ ಎಂತದೂ ಕಾಣೋದಿಲ್ಲ. ಒಂದು ದಿನ ಕಟ್ ಅಂತದೆ, ಖಲಾಸ್."

ರಮೀಝನ ಬಿಲ್ಲಿನ ಸೆಳೆತ ಐವತ್ತು ಪೌಂಡು. ಪೌಂಡಿಗೆ ಹತ್ತರಂತೆ ಬಾಣ ಐನೂರು ಗ್ರೇನ್ ತೂಗಬೇಕು. ಒಂದು ಗ್ರೇನ್ ಎಂದರೆ ಎರಡು ಮೂರು ಅಕ್ಕಿಕಾಳಿನಷ್ಟು. ಆನ್ಸೆಲ್ಮ್ ಒಂದು ಮೊನೆ ತೆಗೆದು, ಇನ್ನೊಂದು ಹಾಕಿ, ಮತ್ತೆ ತೂಗಿ, ತಲೆಯಲ್ಲಾಡಿಸಿ ಮೂರನೆಯದು ಹುಡುಕಿದ. ಅಗಾತಾ ಬಗ್ಗಿ ನೋಡುತ್ತ ತಕ್ಕಡಿಯ ತಟ್ಟೆಗೆ ಬೆರಳು ತಾಗಿಸಿದಳು.

"ಕೈ ತೆಗಿ ಮಾರಾಯ್ತಿ. ನಿನ್ನ ತೂಕವೂ ಸೇರ್ತದೆ."

"ಸೇರ್ಲಿ. ನಿಮಗೆ ಭಾರವೇ ಬೇಕಲ್ಲ?"

ರಮೀಝ್ ಬಿದ್ದು ಬಿದ್ದು ನಕ್ಕ. ಆನ್ಸೆಲ್ಮ್ ಅವಳ ಬೆರಳು ಹಿಡಿದು ಎತ್ತಿ, ಯಾರೂ ನೋಡಲಿಲ್ಲವೆಂದುಕೊಂಡು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದುಕೊಂಡ.

*

ಸೋನಾಪುರದ ಚಿಕ್ಕ ಕೋಣೆಯಲ್ಲಿ ಪಾದ್ರಿಗಳ ಪ್ರಾರ್ಥನೆ ಬೇಗನೆ ಮುಗಿಯಿತು. ಹೊರಗೆ ಇನ್ನೊಂದು ಪೆಟ್ಟಿಗೆ ಕಾಯುತ್ತಿತ್ತು. ಕಾರ್ಖಾನೆಯವರು ಸಾಲಾಗಿ ಬಂದು ಮುಖ ನೋಡಿದರು. ರಮೀಝ್ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತ. ಸೂಟಿನ ಗುಂಡಿ ಸಲೀಸಾಗಿ ಕೂಡಿಕೊಂಡಿತ್ತು. ಆನ್ಸೆಲ್ಮ್ ಇಷ್ಟು ಇಳಿದದ್ದು ತನ್ನ ಕಣ್ಣಿಗೆ ಯಾಕೆ ಬೀಳಲಿಲ್ಲವೆಂದು ಅಗಾತಾ ಆ ಗುಂಡಿಯನ್ನೇ ಮತ್ತೆ ಮತ್ತೆ ಮುಟ್ಟಿದಳು.

ಅವಳ ಜೊತೆಯ ನರ್ಸು ತೆರೆಸಾ ಹೆಗಲು ಸವರಿದಳು. "ಪುಣ್ಯದ ಸಾವು ಅಗಾತಾ. ಅವರಿಗೆ ಗೊತ್ತೇ ಆಗ್ಲಿಲ್ಲ."

ಬಂದವರೆಲ್ಲ ಅದನ್ನೇ ಹೇಳಿದರು. ಆನ್ ಮರಿಯಾ ಆ ಮಾತಿಗೇ ಜೋತುಬಿದ್ದಿದ್ದಳು. "ಇಟ್ ವಾಸ್ ಸಡನ್, ನೋ ಮಮ್ಮಾ? ಪಪ್ಪನಿಗೆ ಗೊತ್ತೇ ಇರ್ಲಿಲ್ಲ, ಅಲ್ವಾ?"

ಅಗಾತಾ ಮಗಳ ತಲೆ ಸವರಿದಳು. ಮಗಳು ನೀರು ಕುಡಿಯಲು ಹೋದಾಗ ಧರ್ಮಪಾಲ ಹತ್ತಿರ ಬಂದ.

"ಮಗುವಿಗೆ ಹೇಳ್ಬೇಡಿ ಬಾಯಿ. ತನ್ನ ಪರೀಕ್ಷೆಯಿಂದ ಅಂತ ಗೊತ್ತಾದ್ರೆ ಸಹಿಸ್ಲಿಕ್ಕಿಲ್ಲ."

"ಮತ್ತೆ ನಾನು ಒಳಗೆ ಇಟ್ಕೊಳ್ಳಲಾ? ಅವರ ಹಾಗೆ?"



*

ಕಾರ್ಗೋದ ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟುಗಳು ಟೊಮೇಟೊ ಪೆಟ್ಟಿಗೆಗಳನ್ನು ಹೊತ್ತು ಓಡಾಡುತ್ತಿದ್ದವು. ಆನ್ಸೆಲ್ಮನ ಪೆಟ್ಟಿಗೆಯನ್ನು ನೆಲದ ತೂಕದ ಯಂತ್ರದ ಮೇಲಿಟ್ಟು ಕೆಲಸದವರು ಹಿಂದೆ ಸರಿದರು. ವಿಮಾನಕ್ಕೇರುವ ಯಾವುದನ್ನೂ ತೂಗದೆ ಬಿಡುವುದಿಲ್ಲ.

"ಮಮ್ಮಾ, ಯು ಡಿಡ್ನ್ಟ್ ಆನ್ಸರ್ ಮಿ," ಎಂದಳು ಆನ್ ಮರಿಯಾ.

ಅಗಾತಾಳಿಗೆ ಒಂದು ಸಣ್ಣ ಮಾತು ಸಾಕಿತ್ತು. ಇಲ್ಲ ಮಗಾ, ಗೊತ್ತಿರಲಿಲ್ಲ. ಅದನ್ನು ಹೇಳಿದ್ದರೆ ಹುಡುಗಿ ಇಡೀ ದಾರಿ ನಿದ್ದೆ ಮಾಡುತ್ತಿದ್ದಳು. ಅವಳು ಮಗಳ ಹತ್ತಿರ ಸರಿದು ನಿಂತಳು.

"ಗೊತ್ತಿತ್ತು ಮಗಾ. ಆಪರೇಶನ್ ಆಗ್ಬೇಕಿತ್ತು. ನಮಗೆ ಹೇಳ್ಳಿಲ್ಲ."

ಆನ್ ಮರಿಯಾ ಅಮ್ಮನ ಮುಖವನ್ನೇ ನೋಡಿದಳು. "ನನ್ನ ಎಕ್ಸಾಮಿಗೋಸ್ಕರ?"

"ಹೌದು. ನಿನ್ನ ತಪ್ಪಲ್ಲ. ಅವರ ತಪ್ಪು. ನೋಡಿಯೂ ಕಾಣದ ನನ್ನ ತಪ್ಪು." ಅಗಾತಾ ಮಗಳ ಹೆಗಲು ಹಿಡಿದಳು. "ನಿನಗೆ ಹೇಳದೆ ಒಬ್ಬಳೇ ಇಟ್ಕೊಳ್ಳಲಿಕ್ಕೆ ನನ್ನಿಂದ ಆಗೋದಿಲ್ಲ ಮಗಾ. ನಾನೂ ಒಡೆದು ಹೋಗ್ತೇನೆ."

ಹುಡುಗಿ ಅಮ್ಮನ ತೋಳಿಗೆ ಹಣೆ ಒತ್ತಿಕೊಂಡು ಬಿಕ್ಕಿದಳು. ಅವಳನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಅಗಾತಾ ಇನ್ನೊಂದು ಕೈಯನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಊರಿದಳು, ಇದ್ದ ಬಲವನ್ನೆಲ್ಲ ಹಾಕಿ.

ಯಂತ್ರದ ಕೆಂಪು ಅಂಕಿ ಏರಿತು.

ಗುಮಾಸ್ತ ಕಾಗದದಿಂದ ತಲೆಯೆತ್ತಿದ. "ಮೇಡಂ," ಎಂದ ಮೆಲ್ಲಗೆ, ಅವಳ ಕೈಯನ್ನೂ ತೂಕದ ಅಂಕಿಯನ್ನೂ ತೋರಿಸುತ್ತ, "ಹಾಥ್ ಹಟಾಯಿಯೇ. ವಜನ್ ಗಲತ್ ಆತಾ ಹೈ."

"ಸೇರ್ಲಿ," ಎಂದಳು ಅಗಾತಾ, ಅವನಿಗಲ್ಲ.

ಆನ್ ಮರಿಯಾ ಮುಖ ಒರೆಸಿಕೊಂಡು ತನ್ನ ಕೈಯನ್ನೂ ಅಮ್ಮನ ಕೈಯ ಪಕ್ಕದಲ್ಲಿಟ್ಟಳು. ಅಂಕಿ ಇನ್ನೊಂದಿಷ್ಟು ಏರಿ ಅಲ್ಲೇ ನಡುಗುತ್ತ ನಿಂತಿತು. ಗುಮಾಸ್ತ ಪೆನ್ನು ಕೆಳಗಿಟ್ಟು ಕಾದ.