ಬೆಣ್ಣೆಯಂಥ ಕುದುರೆ

ಗೌಸ್ ಮೊಹಿದ್ದೀನ್ ಮೈಸೂರು ಕಡೆಯವನು. ಹೆಂಡತಿಯ ಊರಾದ ಮುಳಬಾಗಿಲಿಗೆ ಬಂದು, ಬೀಗ, ಗ್ಯಾಸ್‌ಲೈಟು, ಬಂದೂಕು ರಿಪೇರಿ ಮಾಡುವ ಅಂಗಡಿ ಇಟ್ಟು ವರ್ಷವಾಗಿತ್ತು. ಕೈ ಚುರುಕು. ಯಾರಾದರೂ ಹೊಗಳಿದರಂತೂ ಆ ಕೈ ನಿಲ್ಲುತ್ತಲೇ ಇರಲಿಲ್ಲ. ಊರಿನ ತೆಲುಗು ಮಾತ್ರ ಅವನ ತಲೆಗೆ ಹತ್ತಿರಲಿಲ್ಲ. ಕನ್ನಡದಲ್ಲೇ ಎಲ್ಲ ನಡೆಯುತ್ತದಲ್ಲ ಎಂದು ಅವನೂ ತಲೆ ಕೆಡಿಸಿಕೊಂಡಿರಲಿಲ್ಲ.

ಮಾವು ಬಲಿಯುವ ಹೊತ್ತಿಗೆ ಮುನಿಯಲ್ಲಪ್ಪ ಒಂದು ಗಾಳಿ ಬಂದೂಕು ಹಿಡಿದು ಬಂದ. ನಂಗಲಿ ಆಚೆಯವನು, ಮನೆಮಾತು ತೆಲುಗು. ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ ಗುತ್ತಿಗೆಗೆ ಹಿಡಿದಿದ್ದ. ಅಲ್ಲಿ ಗಿಳಿಗಳ ಕಾಟ. ಬಂದೂಕಿನ ಕುದುರೆಯೋ ಕಲ್ಲಿನಷ್ಟು ಬಿಗಿ. ಬೆರಳಿನಿಂದ ಎಳೆಯುವಷ್ಟರಲ್ಲಿ ನಳಿಗೆ ಅಲ್ಲಾಡಿ ಗುರಿ ತಪ್ಪುತ್ತಿತ್ತು.

"ಮುಟ್ಟಿದ್ರೆ ಹಾರ್ಬೇಕು ಗೌಸಣ್ಣ, ಹಂಗೆ ಮಾಡ್ಕೊಡು" ಎಂದ.

ಬಂದೂಕಿನೊಳಗೆ ದೊಡ್ಡ ಸ್ಪ್ರಿಂಗನ್ನು ತಡೆದು ಹಿಡಿಯುವ ಕೊಂಡಿಯೊಂದು ಇರುತ್ತದೆ. ಕುದುರೆ ಎಳೆದರೆ ಕೊಂಡಿ ಜಾರಿ ಗುಂಡು ಹಾರುತ್ತದೆ. ಗೌಸ್ ಆ ಕೊಂಡಿಯ ಅಂಚನ್ನು ಅರದಿಂದ ಉಜ್ಜಿದ. ಸಾಕು ಅನ್ನಿಸಿದ ಮೇಲೂ ಉಜ್ಜಿದ. ಕುದುರೆ ಬೆಣ್ಣೆಯಂತಾಯಿತು. ಆದರೆ ಕೊಂಡಿಯನ್ನು ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗು ಸೋತುಹೋಗಿದೆ, ಬಂದೂಕು ನೆಲಕ್ಕೆ ಬಿದ್ದರೂ ಸಾಕು ಕೊಂಡಿ ಜಾರುತ್ತದೆ ಎಂಬುದೂ ಅವನಿಗೆ ಆಗಲೇ ತಿಳಿಯಿತು. ಯುದ್ಧದ ಕಾಲ, ಹೊಸ ಸ್ಪ್ರಿಂಗು ಎಲ್ಲಿಂದ ಬರಬೇಕು? ಆಮೇಲೆ ನೋಡಿದರಾಯಿತು ಎಂದು ಬಂದೂಕು ಕೊಟ್ಟು ಕಳಿಸಿದ.

ಮನಸ್ಸು ತಡೆಯಲಿಲ್ಲ. ಹಳೆಯ ಗಡಿಯಾರವೊಂದನ್ನು ಬಿಚ್ಚಿ, ತಾನೇ ಒಂದು ಸ್ಪ್ರಿಂಗು ಸುತ್ತಿ ಜೇಬಿನಲ್ಲಿಟ್ಟುಕೊಂಡ. ಸಂತೆಯ ದಿನ ಕಾಫಿ ಅಂಗಡಿಯ ಮುಂದೆ ಮುನಿಯಲ್ಲಪ್ಪ ಸಿಕ್ಕಿದ. ಸುತ್ತ ನಾಲ್ಕಾರು ಜನ.

"ಜರ್ಮನಿಯೋನು ಮಾಡಿದ್ದನ್ನ ನಮ್ಮ ಗೌಸಣ್ಣ ಬೆಣ್ಣೆ ಮಾಡ್ಕೊಟ್ಟ ಕಣ್ರೋ" ಎಂದು ಅವನು ಹೇಳುತ್ತಿದ್ದ.

ಗೌಸ್ ಹತ್ತಿರ ಹೋಗಿ, "ಒಂದು ಸ್ಪ್ರಿಂಗ್ ಮಾಡಿಟ್ಟಿದೀನಿ. ಬಂದೂಕು ತಂದ್ರೆ ಹಾಕ್ಕೊಡ್ತೀನಿ" ಎಂದ.

"ಯಾಕೆ, ಏನಾಗೈತೆ ಅದಕ್ಕೆ?"

ಎಲ್ಲರೂ ಗೌಸನ ಮುಖ ನೋಡಿದರು. ಆಗಷ್ಟೇ ಕಿವಿತುಂಬ ಕೇಳಿದ ಹೊಗಳಿಕೆ. "ಏನಾಗಿಲ್ಲ. ಅವಸರ ಇಲ್ಲ" ಎಂದು ನಕ್ಕುಬಿಟ್ಟ.

ಎರಡು ದಿನದಲ್ಲಿ ತರುತ್ತಾನೆ ಅಂದುಕೊಂಡ. ಮುನಿಯಲ್ಲಪ್ಪ ತರಲಿಲ್ಲ. ಒಂದು ಬೆಳಗ್ಗೆ ಗುಂಡು ತುಂಬಿದ ಬಂದೂಕನ್ನು ಮರಕ್ಕೆ ಒರಗಿಸಿ ಅವನು ನೀರು ಕುಡಿಯಲು ಹೋದ. ಬಂದೂಕು ಜಾರಿ ಬೇರಿನ ಮೇಲೆ ಬಿತ್ತು. ಉದುರಿದ ಕಾಯಿ ಆಯುತ್ತಿದ್ದ ಅವನ ಹೆಂಡತಿ ಆದಿಲಕ್ಷ್ಮಿಯ ಎಡಗಣ್ಣಿಗೆ ಗುಂಡು ತಗುಲಿತು.

ಆದಿಲಕ್ಷ್ಮಿ ಸಂತೆಗೆ ಬಂದಾಗಲೆಲ್ಲ ಗೌಸನ ಮನೆಗೆ ಕರಿಬೇವು ಕೊಟ್ಟು, ಬಾಯಿತುಂಬ ಅಣ್ಣ ಎಂದು ಕರೆದು ಹೋಗುತ್ತಿದ್ದವಳು. ಅವಳು ಕೋಲಾರದ ಆಸ್ಪತ್ರೆಯಿಂದ ಬಂದ ಮೇಲೆ ಗೌಸ್ ತೋಟದ ಮನೆಗೆ ಹೋದ. ಮುನಿಯಲ್ಲಪ್ಪ ಚಾಪೆ ಹಾಸಿದ. ಅವಳು ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಒಂದೇ ಕಣ್ಣಿಗೆ ಅಳತೆ ಸಿಗದೆ ಅರ್ಧ ಲೋಟದೊಳಗೆ, ಅರ್ಧ ನೆಲಕ್ಕೆ.

"ಬೆಂಗಳೂರಲ್ಲಿ ಕಣ್ಣಿನ ಆಸ್ಪತ್ರೆ ಇದೆ. ನಾಳೇನೇ ಕರ್ಕೊಂಡು ಹೋಗ್ತೀನಿ ತಾಯಿ" ಎಂದ ಗೌಸ್.

"ಅವಸರ ಇಲ್ಲಣ್ಣ" ಎಂದಳು ಅವಳು, ನೆಲ ಒರೆಸುತ್ತ.

"ಅವಸರ ಇಲ್ಲ ಅಂದ್ರೆ ಹೆಂಗಮ್ಮ? ಬೇಗ ಹೋದಷ್ಟೂ ಒಳ್ಳೇದು."

"ಬೇಗ ಅಲ್ಲ ಗೌಸಣ್ಣ" ಎಂದು ಮುನಿಯಲ್ಲಪ್ಪ ಬಿಡಿಸಿ ಹೇಳಿದ. "ನಮ್ಮ ತೆಲುಗಲ್ಲಿ ಅವಸರ ಇಲ್ಲ ಅಂದ್ರೆ ಬೇಕಾಗಿಲ್ಲ ಅಂತ. ಕಣ್ಣು ಪೂರಾ ಹೋಯ್ತಂತ ಡಾಕ್ಟ್ರು ಹೇಳವ್ರೆ, ಇನ್ಯಾತಕ್ಕೆ ಬೆಂಗಳೂರು? ನೀನೂ ಆವತ್ತು ಹಂಗೇ ಅಂದ್ಯಲ್ಲ, ಸ್ಪ್ರಿಂಗು ಅವಸರ ಇಲ್ಲ ಅಂತ. ಬೇಕಾಗಿಲ್ಲ ಅಂತ ನಾನೂ ಸುಮ್ಕಾದೆ. ನಿಂದೇನೂ ತಪ್ಪಿಲ್ಲ ಬಿಡು. ಮರಕ್ಕೆ ಒರಗಿಸಿದ್ದು ನಾನು."

ನಾನು ಹೇಳಿದ್ದು ಹಾಗಲ್ಲಪ್ಪ, ನಿಧಾನವಾಗಿ ತಂದರೂ ಆಗುತ್ತದೆ ಅಂದದ್ದು ಎಂಬ ಮಾತು ಗೌಸನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿಬಿಟ್ಟರೆ ಎಲ್ಲ ಭಾಷೆಯ ತಪ್ಪಾಗಿಬಿಡುತ್ತಿತ್ತು, ತಾನು ಪಾರಾಗುತ್ತಿದ್ದ. ಆದರೆ ನಿಧಾನವಾಗಿ ತರಬಹುದಾದ ಬಂದೂಕಾಗಿತ್ತೇ ಅದು? ತನ್ನ ಕನ್ನಡದಲ್ಲೂ ತಾನು ಆಡಿದ್ದು ಸುಳ್ಳೇ ಎಂದು ಅವನಿಗೆ ಗೊತ್ತಿತ್ತು.

ಆದಿಲಕ್ಷ್ಮಿ ಲೋಟ ಚಾಚಿದಳು. ಅಳತೆ ತಪ್ಪಿ, ಅವಳ ಕೈ ಅವನ ಕೈಗೆ ಗೇಣು ದೂರದಲ್ಲೇ ನಿಂತಿತು. ಗೌಸ್ ಲೋಟ ತೆಗೆದುಕೊಳ್ಳಲಿಲ್ಲ. ಜೇಬಿನಿಂದ ಆ ಸಣ್ಣ ಸ್ಪ್ರಿಂಗನ್ನು ತೆಗೆದು ಚಾಪೆಯ ಮೇಲಿಟ್ಟ.

"ಅವಸರ ಇತ್ತು, ಮುನಿಯಲ್ಲಪ್ಪ" ಎಂದ. "ನನ್ನ ಮಾತಲ್ಲೂ ಇತ್ತು, ನಿಮ್ಮ ಮಾತಲ್ಲೂ ಇತ್ತು. ಗೊತ್ತಿದ್ದೂ ಇಲ್ಲ ಅಂದೆ."

ಮುನಿಯಲ್ಲಪ್ಪ ಸ್ಪ್ರಿಂಗನ್ನೇ ನೋಡುತ್ತ ಕುಳಿತ. ಆದಿಲಕ್ಷ್ಮಿ ಚಾಚಿದ್ದ ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು.