ಗುರುತು ಕಟ್ಟದ ಕಾಯಿ

ನೆರೆಯ ರಿಫತ್‌ನ ತರಕಾರಿ ತಾಕಿನ ಅಂಚಿನಲ್ಲಿ ಬಗ್ಗಿ, ಊರುಗೋಲಿನ ತುದಿಯಿಂದ ಎಲೆಗಳನ್ನು ಸರಿಸಿದಾಗ ನುನ್ಸಿಯಾಗೆ ಆ ಕಾಯಿ ಕಂಡಿತು. ನಿಂಬೆಹಣ್ಣಿನ ಗಾತ್ರ, ಮೈತುಂಬ ಬಿಳಿಯ ನವಿರು ರೋಮ, ತೊಟ್ಟಿನಿಂದ ಕೆಳಗಿಳಿದ ತಿಳಿಹಸಿರು ಪಟ್ಟೆ. ಅವಳು ತಟ್ಟನೆ ಎಲೆ ಮುಚ್ಚಿ ಸುತ್ತ ನೋಡಿದಳು. ಬೇಲಿಯಾಚೆ ಬೆಳಗಿನ ಟ್ರಾಮು ಗಡಗಡ ಹೋಯಿತು. ತೋಟಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಮತ್ತೊಮ್ಮೆ ಸರಿಸಿ ನೋಡಿದಳು. ಅದೇ. ತೀರಿಹೋದ ತನ್ನ ಗಂಡ ಕೊಸಿಮೊ ಬೆಳೆಸುತ್ತಿದ್ದ ಜಾತಿಯ ಕಾಯಿ, ಹೋದ ಬೇಸಿಗೆಯಲ್ಲಿ ತನ್ನ ತಾಕಿನಿಂದ ಕಳುವಾದದ್ದು.

ಸಿಕ್ಕಿಬಿದ್ದ, ಅಂದುಕೊಂಡಳು. ಒಂದು ವರ್ಷದಿಂದ ಕಾದಿದ್ದ ಗಳಿಗೆ ಇದು. ಖುಷಿಯಾಗಬೇಕಿತ್ತು, ಆಗಲಿಲ್ಲ.

ನುನ್ಸಿಯಾ ಮಾಂಸದಂಗಡಿಯವನ ತಕ್ಕಡಿಯನ್ನೂ ಪಾದ್ರಿಯ ಗಡಿಯಾರವನ್ನೂ ಒಂದೇ ಅನುಮಾನದ ಕಣ್ಣಿನಿಂದ ನೋಡುವ ಹೆಂಗಸು. ಕೋಬರ್ಗ್ ಬಡಾವಣೆಯ ಜನ ತಾಕು ತಾಕಾಗಿ ಬಾಡಿಗೆಗೆ ಹಿಡಿದ ಆ ಸಾರ್ವಜನಿಕ ತೋಟದಲ್ಲಿ ಎಲ್ಲರೂ ಸಲಕರಣೆಗಳನ್ನು ಒಂದೇ ಶೆಡ್ಡಿನಲ್ಲಿ ಇಡುತ್ತಿದ್ದರೆ, ಇವಳು ಮಾತ್ರ ತನ್ನ ಗುದ್ದಲಿಯನ್ನು ಮನೆಯಿಂದ ತಂದು ಮನೆಗೇ ಒಯ್ಯುತ್ತಿದ್ದಳು. ಕೊಸಿಮೊ ಇದಕ್ಕೆ ನಗುತ್ತಿದ್ದ. ಬಾಡಿಗೆಯ ನೆಲದಲ್ಲಿ ಅಂಗಿ ತೋಳು ಮಡಚಿ, ಹೋಗಿ ಬರುವವರಿಗೆಲ್ಲ ಕೈತುಂಬ ಟೊಮೆಟೊ ಕೊಡುತ್ತಿದ್ದವನು ಅವನು. ಅವನು ಹೋದ ಮೇಲೆ ತಾಕು ಅವಳ ಹೆಸರಿಗೆ ಬಂತು. ಕೊಡುವ ಕೈ ಬರಲಿಲ್ಲ.

ಆ ಕಾಯಿ ದಕ್ಷಿಣ ಇಟಲಿಯ ಅವರ ಊರಿನದು. ನೋಡಲು ಪುಟ್ಟ ಕರಬೂಜ, ಎಳೆಯದನ್ನು ಕೊಯ್ದು ಉಪ್ಪು ಹಚ್ಚಿ ತಿಂದರೆ ಸೌತೆಗಿಂತ ಸಿಹಿ. ಕೊಸಿಮೊ ಬೀಜಗಳನ್ನು ಕಾಲುಚೀಲದೊಳಗೆ ಅಡಗಿಸಿ ಹಡಗಿನಲ್ಲಿ ತಂದಿದ್ದ. ಪ್ರತಿ ವರ್ಷ ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ತೊಟ್ಟಿಗೆ ಕೆಂಪು ಉಣ್ಣೆ ದಾರ ಕಟ್ಟಿ, ಬೀಜ ತೆಗೆದು ಒಣಗಿಸುತ್ತಿದ್ದ. ಅವನು ಹಾಸಿಗೆ ಹಿಡಿದ ವರ್ಷ ಯಾರೂ ಬೀಜ ಮಾಡಲಿಲ್ಲ. ಡಬ್ಬಿಯ ತಳದಲ್ಲಿ ಉಳಿದ ಹಳೆಯ ಬೀಜಗಳನ್ನೆಲ್ಲ ನುನ್ಸಿಯಾ ಹೋದ ವರ್ಷ ಊರಿದಳು. ಒಂದೇ ಒಂದು ಬಳ್ಳಿ ಎದ್ದಿತು. ಮೊದಲ ಕಾಯಿಯನ್ನೇ ಬೀಜಕ್ಕೆ ಬಿಟ್ಟಳು. ಅದು ಹೋದರೆ ಆ ತಳಿಯೇ ಅವಳ ಪಾಲಿಗೆ ಮುಗಿದ ಹಾಗೆ.

ಅವಳು ದಾರ ಕಟ್ಟಲಿಲ್ಲ. ಗಂಡ ಬದುಕಿದ್ದಾಗಲೂ ಅವಳಿಗೆ ಆ ದಾರದ ಮೇಲೆ ಸಿಟ್ಟೇ. ಬೆಲೆಬಾಳುವುದು ಇಲ್ಲಿದೆ ಬನ್ನಿ ಎಂದು ಕಳ್ಳರಿಗೆ ಕೈಸನ್ನೆ ಮಾಡಿದ ಹಾಗಲ್ಲವೇ ಅದು? ಕಾಯಿಯನ್ನು ಎಲೆಗಳ ಅಡಿಗೆ ತಳ್ಳಿ ಮೇಲೊಂದು ಗೋಣಿಯ ತುಂಡು ಮುಚ್ಚಿದಳು. ಈ ದಕ್ಷಿಣದ ದೇಶದಲ್ಲಿ ಫೆಬ್ರವರಿ ಎಂದರೆ ನಡುಬೇಸಿಗೆ; ಆ ಬೆಂಕಿ ಬಿಸಿಲು ಬಂದಾಗ ಮಗಳು ಅವಳನ್ನು ಎಸಿ ಕೋಣೆಯಿಂದ ಹೊರಗೆ ಬಿಡಲಿಲ್ಲ. ಸೆಕೆ ಇಳಿದ ಮೇಲೆ ಬಂದು ನೋಡಿದರೆ ಕಾಯಿ ಇಲ್ಲ. ತೊಟ್ಟನ್ನು ಚಾಕುವಿನಿಂದ ನೀಟಾಗಿ ಕತ್ತರಿಸಿದ್ದರು, ರಾತ್ರಿ ಮರದಿಂದಿಳಿದು ಕಾಯಿ ಕಡಿಯುವ ಪೊಸಮ್ ಪ್ರಾಣಿಯ ಹಲ್ಲಿನ ಗುರುತಿರಲಿಲ್ಲ. ಗೋಣಿಯ ತುಂಡನ್ನು ಮಡಚಿ ದಂಡೆಯ ಮೇಲೆ ಇಟ್ಟಿದ್ದರು. ಹಾಗೆ ಮಡಚಿಟ್ಟದ್ದೇ ಅವಳನ್ನು ಹೆಚ್ಚು ಕೆರಳಿಸಿತು. ಕದ್ದದ್ದಲ್ಲದೆ ಮಡಚಿ ಬೇರೆ ಇಡುವಷ್ಟು ಸೊಕ್ಕು. ಕೆಲವೇ ದಿನಗಳಲ್ಲಿ ಬಳ್ಳಿಗೆ ಬೂದಿ ರೋಗ ಹತ್ತಿ, ಮತ್ತೊಂದು ಕಾಯಿ ನಿಲ್ಲಲಿಲ್ಲ.

ಜೇಬಿನಲ್ಲಿ ಸದಾ ಮಡಿಚಾಕು ಇಟ್ಟುಕೊಳ್ಳುವವನು ಪಕ್ಕದ ತಾಕಿನ ರಿಫತ್. ಕಾರು ಕಾರ್ಖಾನೆಯಿಂದ ನಿವೃತ್ತನಾದ ತುರ್ಕಿ, ಒಂದು ಒಣಗಿದ ಎಲೆ ಕಂಡರೂ ಕೈ ತಡೆಯಲಾರದ ಅಚ್ಚುಕಟ್ಟಿನವನು. ನುನ್ಸಿಯಾ ಅವನನ್ನು ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಕಳೆದದ್ದು ಏನೆಂದು ಬಾಯಿಬಿಟ್ಟರೆ ಅದರ ಬೆಲೆ ಕಳ್ಳನಿಗೆ ತಿಳಿಯುತ್ತದೆ, ಜೋಪಾನ ಮಾಡಿ ಬೆಳೆದುಕೊಳ್ಳುತ್ತಾನೆ ಎಂಬ ಲೆಕ್ಕಾಚಾರ ಅವಳದು. ಅವನ ನಮಸ್ಕಾರಕ್ಕೆ ಬೆನ್ನು ತೋರಿಸುವುದನ್ನು ರೂಢಿ ಮಾಡಿಕೊಂಡಳು. ಚಳಿಗಾಲಕ್ಕೆ ಮುಂಚೆ ತೋಟದ ಸಮಿತಿಯ ಗ್ಲೆನಿಸ್ ತಾಕುಗಳನ್ನು ನೋಡಲು ಬಂದಾಗ, ರಿಫತ್‌ನ ಹುರುಳಿಕಾಯಿ ಚಪ್ಪರ ತನ್ನ ನೆಲಕ್ಕೆ ನೆರಳು ಮಾಡುತ್ತಿದೆ ಎಂದು ದೂರು ಕೊಟ್ಟಳು. ಚಪ್ಪರ ನಿಯಮಕ್ಕಿಂತ ಒಂದು ಗೇಣು ಎತ್ತರ ಇದ್ದದ್ದು ನಿಜ. ಅವನು ಎದುರಾಡದೆ ಬಿಚ್ಚಿ ಹಾಕಿದ. ನನಗೇ ಹೇಳಬಹುದಿತ್ತಲ್ಲ ಅಕ್ಕ, ಅಂದನಷ್ಟೇ.

ಈಗ ಆ ಚಪ್ಪರವಿದ್ದ ಜಾಗದಲ್ಲೇ ಬಿಸಿಲು ಕಾಯುತ್ತ ಕದ್ದ ಮಾಲು ಕೂತಿತ್ತು.

ಗ್ಲೆನಿಸ್ ಬಂದು ಶೆಡ್ಡಿನ ಬೀಗ ತೆಗೆಯುವವರೆಗೂ ನುನ್ಸಿಯಾ ಆ ಬಳ್ಳಿಯ ಪಕ್ಕದಿಂದ ಕದಲಲಿಲ್ಲ. ನಡೆದದ್ದನ್ನೆಲ್ಲ ಕೇಳಿ ಗ್ಲೆನಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡಳು.

"ನೋಡಿ, ಕಳ್ಳತನ ಅಂತ ನೀವು ಹೇಳಿದ್ರೆ ನಾನು ಸಮಿತಿ ಮುಂದೆ ಇಡ್ಲೇಬೇಕು. ಅವನ ತಾಕು ಹೋಗುತ್ತೆ. ಕಾಯೋರ ಸಾಲು ಎಷ್ಟುದ್ದ ಇದೆ ಅಂತ ನಿಮಗೇ ಗೊತ್ತು, ಮತ್ತೆ ಅವನಿಗೆ ಸಿಗಲ್ಲ. ಗಟ್ಟಿಯಾಗಿ ಹೇಳ್ತಿದೀರಾ?"

"ಗಟ್ಟಿಯಾಗೇ ಹೇಳ್ತಿದೀನಿ. ಮಾಲೇ ಕಣ್ಮುಂದೆ ಕೂತಿದೆಯಲ್ಲ."

ಅಷ್ಟರಲ್ಲಿ ರಿಫತ್ ಚಹದ ಥರ್ಮಾಸು ಹಿಡಿದು ಬಂದ. ತನ್ನ ತಾಕಿನ ಮುಂದೆ ಇಬ್ಬರು ಹೆಂಗಸರು ನಿಂತಿದ್ದನ್ನು ಕಂಡು, ಈ ಸಲ ಯಾವ ಚಪ್ಪರ ಬಿಚ್ಚಬೇಕೋ ಎಂಬಂತೆ ನಿಟ್ಟುಸಿರು ಬಿಟ್ಟ. ಗ್ಲೆನಿಸ್ ಕಾಯಿ ತೋರಿಸಿ ಇದೆಲ್ಲಿಯದು ಎಂದು ಕೇಳಿದಳು.

ಅದು ತಾನು ಹಾಕಿದ್ದಲ್ಲ ಎಂದ ಅವನು. ತೋಟದವರೆಲ್ಲ ಕಸಕಡ್ಡಿ ಹಾಕುವ ತೊಟ್ಟಿಯ ಗೊಬ್ಬರ ಹರಡಿದ ಮೇಲೆ ತಾನಾಗಿ ಹುಟ್ಟಿದ್ದು. ಎಲ್ಲರ ತಾಕಿನಲ್ಲೂ ಎದ್ದಿತ್ತು. ಇದೊಂದು ಖಾಲಿ ಜಾಗದಲ್ಲಿ ಇದ್ದದ್ದಕ್ಕೆ ಇರಲಿ ಎಂದು ಬಿಟ್ಟದ್ದು. ಹೌದೌದು, ನಾನೂ ಒಂದು ಹಿಡಿಯಷ್ಟು ಕಿತ್ತಿದ್ದೆ, ಕುಂಬಳ ಅಂದುಕೊಂಡಿದ್ದೆ ಎಂದಳು ಗ್ಲೆನಿಸ್. ನುನ್ಸಿಯಾ ತನ್ನ ಪಾತಿಯ ಕಡೆ ತಿರುಗಿ ನೋಡಿದಳು. ಅಕ್ಟೋಬರಿನಲ್ಲಿ ಅವಳ ಪಾತಿಯಲ್ಲೂ ಅಂಥ ಸಸಿಗಳು ಎದ್ದಿದ್ದವು. ತಾನು ಬಿತ್ತದೇ ಇರುವುದು ತನ್ನ ನೆಲದಲ್ಲಿ ಯಾಕೆ ಏಳಬೇಕು ಎಂದು ಒಂದನ್ನೂ ಬಿಡದೆ ಕೆರೆದು ಹಾಕಿದ್ದಳು.

"ತೊಟ್ಟಿಗೆ ಎಲ್ಲಿಂದ ಬಂತು ಹಾಗಾದ್ರೆ?" ಎಂದಳು ಕೊನೆಗೆ. "ಕಾಲು ಬಂದು ನಡ್ಕೊಂಡು ಹೋಯ್ತಾ?"

"ನಾನೇ ಹಾಕಿದ್ದು," ಎಂದ ರಿಫತ್.

ನುನ್ಸಿಯಾ ಗ್ಲೆನಿಸ್‌ಳ ಕಡೆ ತಿರುಗಿದಳು. ಆದರೆ ಅವನ ಮಾತು ಮುಗಿದಿರಲಿಲ್ಲ.

"ಹೋದ್ವರ್ಷ ಆ ಸುಡುಬಿಸಿಲಲ್ಲಿ ನೀವು ಬರ್ಲಿಲ್ಲ. ಎರಡು ಹೊತ್ತೂ ನಾನೇ ನೀರು ಹಾಕ್ದೆ. ಕೊಸಿಮೊ ಅಣ್ಣಂಗೂ ನಂಗೂ ಮೊದ್ಲಿಂದ ಹಾಗೇ ಇತ್ತು ಅಕ್ಕ. ನಾನಿಲ್ದಾಗ ಅವರು ನೋಡ್ಕೊಳೋರು, ಅವರಿಲ್ದಾಗ ನಾನು. ನೀರು ಹಾಕೋದು, ಬಲಿತು ಹಳದಿ ಆಗಿದ್ದು ಕಿತ್ತು ಗೊಬ್ಬರಕ್ಕೆ ಎಸೆಯೋದು. ಇಲ್ದಿದ್ರೆ ಬಳ್ಳಿ ಕಾಯಿ ಬಿಡೋದು ನಿಲ್ಸಿಬಿಡುತ್ತೆ. ಗೋಣಿ ಅಡಿ ಒಂದು ಹಳದಿ ಆಗಿತ್ತು. ನೀವು ಮರೆತಿದೀರ ಅಂದ್ಕೊಂಡೆ."

"ಮರೆಯೋದಾ? ಅದು ಬೀಜಕ್ಕೆ ಬಿಟ್ಟಿದ್ದು!"

ಅವನು ಅವಳನ್ನೇ ನೋಡಿದ. "ಬೀಜಕ್ಕೆ ಬಿಟ್ಟಿದ್ದಕ್ಕೆ ಅಣ್ಣ ಕೆಂಪು ದಾರ ಕಟ್ತಿದ್ರು. ನಾನು ಕೀಳೋಕೆ ಮುಂಚೆ ಹುಡುಕ್ದೆ. ತೊಟ್ಟಲ್ಲಿ, ಎಲೆ ಅಡಿ, ಎಲ್ಲಾ ಕಡೆ. ದಾರ ಇರ್ಲಿಲ್ಲ."

"ದಾರದ ವಿಷಯ ನಿಂಗ್ಯಾರು ಹೇಳಿದ್ರು?"

"ಯಾರು ಹೇಳ್ಬೇಕು ಅಕ್ಕ? ನಂಗೋಸ್ಕರ ತಾನೇ ಕಟ್ತಿದ್ದಿದ್ದು."

ನುನ್ಸಿಯಾಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಗಂಡನ ಮೇಲೆ ಕೋಪ ಬಂತು. ಇಷ್ಟು ವರ್ಷ ಬೈಸಿಕೊಂಡನಲ್ಲ, ಒಮ್ಮೆಯಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಹೇಳಿರಲೂಬಹುದು. ಅವಳು ನಂಬಿರುವುದಿಲ್ಲ.

ಸಮಿತಿಗೆ ಏನು ಹೇಳಲಿ ಎಂದು ಗ್ಲೆನಿಸ್ ಕೇಳಿದಳು. ಏನೂ ಬೇಡ ಎಂದಳು ನುನ್ಸಿಯಾ. ಗ್ಲೆನಿಸ್ ಬಿಡುಗಡೆ ಸಿಕ್ಕವಳಂತೆ ನೀರಿನ ಪೈಪು ಎಳೆದುಕೊಂಡು ಹೊರಟುಹೋದಳು.

ರಿಫತ್ ಜೇಬಿನಿಂದ ಚಾಕು ತೆಗೆದು, ಈಗಲೇ ಕಿತ್ತುಕೊಡಲೇ ಎಂದು ಬಗ್ಗಿದ. ನುನ್ಸಿಯಾ ಅವನ ತೋಳು ಹಿಡಿದಳು. ಹಣ್ಣಾಗಬೇಕು, ಈ ತಿಂಗಳೆಲ್ಲ ಬಳ್ಳಿಯಲ್ಲೇ ಇರಬೇಕು, ಡಬ್ಬಿಯಲ್ಲಿ ಒಂದು ಬೀಜವೂ ಉಳಿದಿಲ್ಲ ಎಂದು ಹೇಳಿಬಿಟ್ಟಳು. ಹೇಳಿದ ಮೇಲೆ ಲೆಕ್ಕ ಹಾಕಿದಳು. ಬಳ್ಳಿ ಅವನ ನೆಲದಲ್ಲಿದೆ, ಚಾಕು ಅವನ ಕೈಯಲ್ಲಿದೆ, ಗುಟ್ಟೂ ಈಗ ಅವನದೇ. ಅವನು ಚಾಕು ಮಡಚಿ ಜೇಬಿಗೆ ಹಾಕಿಕೊಂಡ.

"ದಾರ ಕಟ್ಟಿ ಹೋಗಿ," ಎಂದ.

ಮರುದಿನ ಕೊಸಿಮೊನ ಡಬ್ಬಿಯಲ್ಲಿದ್ದ ಉಣ್ಣೆಯುಂಡೆ ತಂದಳು. ತೊಟ್ಟು ದಪ್ಪವಾಗಲು ಎಡೆಯಿರುವಂತೆ ಸಡಿಲವಾಗಿ ಸುತ್ತಿ, ಯಾರಿಗೂ ಕಾಣದೆ ಹೋಗಬಾರದೆಂದು ಗೇಣುದ್ದ ಬಾಲ ಇಳಿಬಿಟ್ಟಳು. ಆದರೂ ದಿನವೂ ಬೆಳಗ್ಗೆ ಬಂದು ಎಲೆ ಸರಿಸಿ ನೋಡುವುದನ್ನು ಬಿಡಲಿಲ್ಲ. ರಿಫತ್ ಅದನ್ನು ಕಂಡೂ ಕಾಣದ ಹಾಗಿದ್ದ. ಒಂದು ದಿನ, ದ್ರಾಕ್ಷಿ ಕೊಯ್ಲಿಗೆ ತಮ್ಮನ ಊರು ಮಿಲ್ಡುರಾಕ್ಕೆ ಹೋಗುವುದಿದೆ ಎಂದು ತನಗೆ ತಾನೇ ಎಂಬಂತೆ ಹೇಳಿದ. ಅವಳು ಹ್ಞೂಂ ಅಂದಳು.

ಮತ್ತೆ ಆ ಬಿಸಿಲು ಬಂತು. ಮಗಳು ಮತ್ತೆ ಬಾಗಿಲು ಹಾಕಿದಳು. ಕೋಣೆಯಲ್ಲಿ ಕೂತು ನುನ್ಸಿಯಾ ಆ ಕಾಯಿಯನ್ನು ನೂರು ಸಲ ಕಳೆದುಕೊಂಡಳು. ಗಾಳಿ ತಿರುಗಿ ತಂಪಾದ ಬೆಳಗ್ಗೆ, ಊರುಗೋಲನ್ನೂ ಮರೆತು ತೋಟಕ್ಕೆ ಬಂದಳು.

ಕಾಯಿ ಇತ್ತು. ಹಳದಿಯಾಗಿತ್ತು, ಬಗ್ಗಿದರೆ ಪರಿಮಳ ಬರುತ್ತಿತ್ತು. ಅವಳ ತಾಕಿನ ಮಣ್ಣು ನಿನ್ನೆಯ ನೀರಿನಿಂದ ಇನ್ನೂ ಕಪ್ಪಗಿತ್ತು. ಆದರೆ ದಾರ ಮೋಟಾಗಿತ್ತು. ಗೇಣುದ್ದದ ಬಾಲವನ್ನು ಯಾರೋ ಚಾಕುವಿನಿಂದ ನೀಟಾಗಿ ಕತ್ತರಿಸಿದ್ದರು. ದಾರಕ್ಕೆ ಕೈ ಹಾಕಿದವನು ಇನ್ನೇನಕ್ಕೆ ಕೈ ಹಾಕಿದ್ದಾನೋ ಎಂದು ರಿಫತ್‌ನ ಸಾಲುಗಳ ನಡುವೆ ನುಗ್ಗಿ ಹುಡುಕತೊಡಗಿದಳು. ಬೆಂಡೆ, ಮೆಣಸು, ಬದನೆ.

ಕೊನೆಯ ಬದನೆ ಗಿಡದಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯಿಯ ತೊಟ್ಟಿಗೆ ಕೆಂಪು ಉಣ್ಣೆಯ ತುಂಡು ಸುತ್ತಿತ್ತು, ಸಡಿಲವಾಗಿ, ಕೊಸಿಮೊ ಕಟ್ಟುತ್ತಿದ್ದ ಹಾಗೆಯೇ.

ನುನ್ಸಿಯಾ ಆ ದಾರವನ್ನು ಮುಟ್ಟಿ ನೋಡಿದಳು. ಈ ಸಲ ಕಟ್ಟಿದ್ದು ಅವಳಿಗೋಸ್ಕರ. ಆಮೇಲೆ ಅವನ ಮೆಣಸಿನ ಬುಡಕ್ಕೆ ಬೆರಳು ಊರಿ ನೋಡಿದಳು. ಅವನು ಮಿಲ್ಡುರಾಕ್ಕೆ ಹೊರಟುಹೋಗಿರಬೇಕು; ಬಿಸಿಲಿಗೆ ತೆರೆದ ಆ ಮಣ್ಣು ಆಗಲೇ ಒಣಗುತ್ತ ಬಂದಿತ್ತು. ಎಲ್ಲರ ಶೆಡ್ಡಿಗೆ ಹೋಗಿ ಒಂದು ಕ್ಯಾನು ಎತ್ತಿಕೊಂಡು ನಲ್ಲಿ ತಿರುಗಿಸಿದಳು.